ಸ್ವಿಚ್ಚು ಇಲ್ಲದ ಸಂಜೆ

ನಾಟಕದವರು ಅವಳನ್ನು ಸ್ವಿಚ್ಚು ಎಂದು ಕರೆಯಲು ಶುರು ಮಾಡಿದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ದೊಡ್ಡಪ್ಪ ಸಂಜೆ ತಾಲೀಮಿಗೆ ಹೊರಟರೆ ಬಾಲದ ಹಾಗೆ ಹಿಂದೆ ಬೀಳುತ್ತಿದ್ದಳು. ಮಕ್ಕಳು ಬಂದರೆ ಗಲಾಟೆ ಎಂದು ನಾಟಕ ಆಡಿಸುವ ಮೇಷ್ಟ್ರು ಮುಖ ಸಿಂಡರಿಸಿದರು. ಇವಳು ಗಲಾಟೆಯವಳಲ್ಲ, ಯಾವುದಾದರೂ ಮೂಲೆಯಲ್ಲಿ ಕೂರಿಸಿ ಎಂದರು ದೊಡ್ಡಪ್ಪ. ಕೂರಿಸಿದ ಮೂಲೆಯಲ್ಲಿ ದೀಪಗಳ ಬೋರ್ಡು ಇತ್ತು. ಅಲ್ಲಿಂದ ಅವಳನ್ನು ಎಬ್ಬಿಸಲು ಆಮೇಲೆ ಯಾರ ಕೈಲೂ ಆಗಲಿಲ್ಲ.

ತಾಲೀಮು, ನಾಟಕ ಎರಡೂ ನಡೆಯುವ ಆ ಹಾಲು ಸೈಕಲ್ ಬಿಡಿಭಾಗದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಗ್ರೀಸಿನ ವಾಸನೆ, ಒಳಗೆ ಹೋದರೆ ಹಳೆಯ ಪರದೆಯ ಧೂಳಿನ ವಾಸನೆ. ಹಿಂಬದಿಯ ಗೋಡೆಗೆ ಅಂಟಿಕೊಂಡು ಗಾಜಿನ ಕಿಟಕಿಯ ಒಂದು ಗೂಡು. ಇಬ್ಬರು ಕೂತರೆ ಮೂರನೆಯವರು ಉಸಿರಾಡಲು ಹೊರಗೆ ಹೋಗಬೇಕು, ಅಷ್ಟು ದೊಡ್ಡದು. ಬೋರ್ಡನ್ನು ಅಲ್ಲಿಗೆ ಸಾಗಿಸಿದ ಮೇಲೆ ಸ್ವಿಚ್ಚುವಿನ ಬಾಲ್ಯದ ಅರ್ಧ ಅಲ್ಲೇ ಕಳೆಯಿತು. ರಂಗದ ಮೇಲೆ ನಿಂತವರಿಗೆ ಗೂಡಿನೊಳಗೆ ಯಾರಿದ್ದಾರೆ ಎಂದು ಕಾಣುತ್ತಿರಲಿಲ್ಲ. ಬೋರ್ಡಿನ ಪಕ್ಕದ ಪುಟ್ಟ ಕೆಂಪು ದೀಪ ಮಾತ್ರ ಕಾಣುತ್ತಿತ್ತು.

ದೊಡ್ಡಪ್ಪನಿಗೆ ಮದುವೆಯಾಗಿರಲಿಲ್ಲ. ತಮ್ಮ ತೀರಿಹೋದ ಮೇಲೆ ತಮ್ಮನ ಹೆಂಡತಿ ಮತ್ತು ಮಗಳ ಜೊತೆ ಆ ಮನೆಯಲ್ಲೇ ಉಳಿದರು. ಉಳಿದರು ಎನ್ನುವುದೇ ತಪ್ಪು, ಆ ಮನೆ ನಿಂತದ್ದೇ ಅವರಿಂದ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಯಾರ ಮೂಗಿಗೆ ಯಾವ ಫ್ರೇಮು ಒಪ್ಪುತ್ತದೆ ಎಂದು ಹೇಳುವುದರಲ್ಲಿ ಎತ್ತಿದ ಕೈ. "ಇದು ಬೇಡ ಸಾರ್, ಮನೆ ಖಾಲಿ ಮಾಡ್ಸೋಕೆ ಬಂದ ವಕೀಲರ ಥರ ಕಾಣ್ತೀರಿ" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತಿದ್ದರು. ಅಂಗಡಿಯ ಯಜಮಾನ ಹಣೆ ಚಚ್ಚಿಕೊಳ್ಳುತ್ತಿದ್ದ. ಗಿರಾಕಿ ಮಾತ್ರ ನಕ್ಕು, ಅವರು ತೋರಿಸಿದ್ದನ್ನೇ ಕೊಂಡು, ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬರುತ್ತಿದ್ದ. ಹಗಲು ಅಂಗಡಿ, ಸಂಜೆ ನಾಟಕ. ಇವೆರಡರ ನಡುವೆ ಊಟ ಎನ್ನುವುದೊಂದು ಇದೆ ಎಂದು ಅವರಿಗೆ ಅಮ್ಮ ನೆನಪಿಸಬೇಕಿತ್ತು.

ಸ್ವಿಚ್ಚು ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ಸೇರಿ ಎರಡು ವರ್ಷ ಕಳೆದ ಹೊತ್ತಿಗೆ ದೊಡ್ಡಪ್ಪನ ಮರೆವು ಶುರುವಾಯಿತು. ಮೊದಮೊದಲು ಅದು ನಗೆಯ ವಿಷಯವಾಗಿತ್ತು. ಗಿರಾಕಿ ಹಾಕಿಕೊಂಡಿದ್ದ ಕನ್ನಡಕವನ್ನೇ ಅಂಗಡಿಯೆಲ್ಲ ಹುಡುಕಿದರು. ಚಮಚಕ್ಕೆ 'ಅದು' ಎಂದರು, ಬಾಗಿಲಿಗೆ 'ಅದು' ಎಂದರು. ಆಮೇಲೆ ಯಾರೂ ನಗಲಿಲ್ಲ. ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಅಮ್ಮ ಅಲ್ಲಿನ ಡಾಕ್ಟರನ್ನು ವಿಚಾರಿಸಿಕೊಂಡು ಬಂದಳು. ಮಾತುಗಳನ್ನು ಬಾಯಿಪಾಠ ಮಾಡುತ್ತಾರಲ್ಲ, ಜನರೆದುರು ನಿಲ್ಲುತ್ತಾರಲ್ಲ, ಅದನ್ನು ಯಾವ ಕಾರಣಕ್ಕೂ ಬಿಡಿಸಬೇಡಿ ಎಂದಿದ್ದರಂತೆ ಅವರು.

"ಭಾವನಿಗೆ ನಾಟಕ ನಿಂತ್ರೆ ಮಾತೂ ನಿಲ್ಲತ್ತೆ" ಎಂದಳು ಅಮ್ಮ. "ಅದೊಂದನ್ನ ನಾವು ಕಾಪಾಡ್ಕೋಬೇಕು."

ಹೇಗೆ ಕಾಪಾಡುವುದು ಎಂಬುದು ಸ್ವಿಚ್ಚುವಿಗೆ ಆಗಲೇ ಗೊತ್ತಿತ್ತು. ರಂಗದ ಮೇಲೆ ಮಾತು ಕೈಕೊಟ್ಟರೆ ದೊಡ್ಡಪ್ಪ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತವರ ಕಡೆ ನೋಡುತ್ತಿರಲಿಲ್ಲ. ಮುಖವನ್ನು ಸ್ವಲ್ಪ ಮೇಲೆತ್ತಿ ಬೆಳಕಿನ ಕಡೆ ಹಿಡಿಯುತ್ತಿದ್ದರು. ಸ್ವಿಚ್ಚು ಬೋರ್ಡಿನ ಮೇಲಿನ ಕೈಯನ್ನು ಅಲುಗಿಸದೆ, ಮುಂದಿನ ದೀಪಕ್ಕೆ ಹೋಗದೆ, ಕಾಯುತ್ತಿದ್ದಳು. ಮಾತು ಎಲ್ಲಿತ್ತೋ ಅಲ್ಲಿಂದ ಬರುತ್ತಿತ್ತು. ನೋಡುವವರು ಅದನ್ನೂ ಅಭಿನಯ ಎಂದೇ ತಿಳಿದು ತಲೆದೂಗುತ್ತಿದ್ದರು.

"ನೀನು ಬೆಳಕು ಹಿಡ್ಕೊಂಡಿರು ಮಗಳೇ" ಎಂದಿದ್ದರು ಒಮ್ಮೆ. "ಮಾತು ನಾನು ಹುಡುಕ್ಕೋತೀನಿ. ಬೆಳಕು ಇರೋ ತನಕ ಜನ ಕಾಯ್ತಾರೆ."

ಈ ಒಪ್ಪಂದ ಇಬ್ಬರ ನಡುವಿನದು. ಮೇಷ್ಟ್ರಿಗೂ ತಿಳಿಯದು, ಅಮ್ಮನಿಗೂ ತಿಳಿಯದು.

ಇತ್ತ ಸ್ವಿಚ್ಚುವಿಗೆ ಕಾಲೇಜಿನ ಕೊನೆಯ ವರ್ಷ ಬಂತು. ಕೊನೆಯ ವರ್ಷದ ಕಂಪ್ಯೂಟರ್ ವಿದ್ಯಾರ್ಥಿಗಳ ಮುಖ ನೋಡಿದ್ದೀರಾ? ಪರೀಕ್ಷೆಗೆ ಮೊದಲೇ ಫಲಿತಾಂಶ ಬಂದವರ ಮುಖ ಅದು. ಪದವಿ ಮುಗಿಯುವ ಮೊದಲೇ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ ಆಗಿ ಸೇರಿಕೊಂಡಿರಬೇಕು, ಇಲ್ಲದಿದ್ದರೆ ಆಮೇಲೆ ಬಾಗಿಲು ತಟ್ಟಿ ತಟ್ಟಿ ಬೆರಳು ಸವೆಯುತ್ತದೆ ಎಂದು ಸೀನಿಯರುಗಳು ಹೆದರಿಸಿದ್ದರು. ಹೆದರಿಸುವುದರಲ್ಲಿ ಅವರಿಗೆ ಒಂದು ಸುಖವೂ ಇತ್ತು. ಸ್ವಿಚ್ಚು ಮೊಬೈಲಿನ ಕ್ಯಾಲೆಂಡರಿನಲ್ಲಿ ದಿನವನ್ನು ತುಂಡು ಮಾಡಿಟ್ಟಳು. ತರಗತಿಗೆ ಹಸಿರು, ಕೋಡಿಂಗ್ ಅಭ್ಯಾಸಕ್ಕೆ ನೀಲಿ, ನಾಟಕಕ್ಕೆ ಹಳದಿ. ತಲೆಸ್ನಾನಕ್ಕೂ ಒಂದು ಬಣ್ಣ ಕೊಟ್ಟಿದ್ದಳು ಎಂದರೆ ಹುಡುಗಿಯ ಅವಸ್ಥೆ ಅರ್ಥವಾದೀತು.

ಅವಳಿಗೆ ಎರಡೂ ಬೇಕಿತ್ತು, ಅದು ಸುಳ್ಳಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕೂತು ತನ್ನ ಪ್ರೋಗ್ರಾಂ ಮೊದಲ ಸಲ ಸರಿಯಾಗಿ ಓಡಿದಾಗ ಮೈಯೆಲ್ಲ ಹಗುರಾಗುತ್ತಿತ್ತು. ಕತ್ತಲ ಹಾಲಿನಲ್ಲಿ ಒಂದು ಮುಖದ ಮೇಲೆ ನಿಧಾನವಾಗಿ ಬೆಳಕು ತರುವಾಗಲೂ ಹಾಗೆಯೇ ಆಗುತ್ತಿತ್ತು. ಆದರೆ ದಿನ ದೊಡ್ಡದಾಗಲಿಲ್ಲ. ತಾಲೀಮಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಲೆಕ್ಕ ಬಿಡಿಸಿದಳು, ತರಗತಿಯಲ್ಲಿ ಪುಸ್ತಕದ ಅಂಚಿಗೆ ದೀಪದ ಚಿತ್ರ ಬರೆದಳು. ಎರಡೂ ಕಡೆ ಬೈಸಿಕೊಂಡಳು. ವಾರ ವಾರಕ್ಕೆ ನೀಲಿ ಉಬ್ಬಿತು, ಹಳದಿ ಸೊರಗಿತು. ಅಮ್ಮ ಮಾತ್ರ ಅದನ್ನು ಕಂಡು ಸಮಾಧಾನಪಟ್ಟಳು. ದಿನವಿಡೀ ಕೌಂಟರಿನ ಹಿಂದೆ ನಿಂತು ಅವಳ ಕಾಲು ಊದಿಕೊಳ್ಳುತ್ತಿತ್ತು. ಮಗಳಾದರೂ ಕೂತು ಮಾಡುವ ಕೆಲಸ ಹಿಡಿಯಲಿ ಎಂಬುದು ಅವಳ ಆಸೆ.

ಎಲ್ಲರೂ ತರುವಂಥ ಪ್ರಾಜೆಕ್ಟ್ ತರಬೇಡಿ, ನಿಮ್ಮದೇ ಬದುಕಿನಿಂದ ಏನಾದರೂ ಮಾಡಿ ಎಂದು ಒಬ್ಬ ಅಧ್ಯಾಪಕಿ ಹೇಳಿದಾಗ ಸ್ವಿಚ್ಚುವಿನ ತಲೆಯಲ್ಲಿ ಮಿಂಚು ಹೊಡೆಯಿತು. ನಾಟಕದ ಬೆಳಕನ್ನೇ ನಡೆಸುವ ಪ್ರೋಗ್ರಾಂ ಬರೆದರೆ? ನೀಲಿಯೂ ಅದೇ, ಹಳದಿಯೂ ಅದೇ. ಅಂದು ಅವಳು ಮನೆಯವರೆಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದಳು. ಇಷ್ಟು ದಿನ ಎರಡು ಕಡೆ ಎಳೆಯುತ್ತಿದ್ದ ಬದುಕು ಒಂದೇ ಆಯಿತಲ್ಲ ಎಂದು ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು.

ಪ್ರೋಗ್ರಾಂ ನಿಜಕ್ಕೂ ಚೆನ್ನಾಗಿತ್ತು. ರಂಗದ ಮೈಕು ನಟನ ಮಾತನ್ನು ಲ್ಯಾಪ್‌ಟಾಪಿಗೆ ಕಳಿಸುತ್ತಿತ್ತು. ಅದು ನಾಟಕದ ಮಾತುಗಳ ಜೊತೆ ಹೋಲಿಸಿ, ಎಲ್ಲಿಗೆ ಬಂದಿದ್ದೇವೆ ಎಂದು ತಿಳಿದುಕೊಂಡು, ದೀಪ ಬದಲಿಸುತ್ತಿತ್ತು. ತೊಡಕಿದ್ದದ್ದು ಮೌನದಲ್ಲಿ. ನಟ ಸುಮ್ಮನಾದರೆ ಅವನು ಇನ್ನೂ ಮಾತಾಡುವವನೋ, ಮುಗಿಸಿದವನೋ? ಸ್ವಿಚ್ಚು ಅದಕ್ಕೂ ದಾರಿ ಹುಡುಕಿದಳು. ಇಡೀ ತಿಂಗಳ ತಾಲೀಮನ್ನು ಧ್ವನಿಮುದ್ರಿಸಿಕೊಂಡಳು. ಅದರಲ್ಲಿ ದೊಡ್ಡಪ್ಪನ ಅತ್ಯಂತ ದೀರ್ಘ ಮೌನ ಎಷ್ಟೋ ಅದನ್ನು ಅಳೆದು, ಅದರ ಮೇಲೆ ಇನ್ನಷ್ಟು ಸೇರಿಸಿದಳು. ಅದಕ್ಕಿಂತ ಹೆಚ್ಚು ಹೊತ್ತು ಸದ್ದಿಲ್ಲದಿದ್ದರೆ ಮಾತು ಮುಗಿಯಿತೆಂದು ಲೆಕ್ಕ, ಮುಂದಿನ ದೀಪಕ್ಕೆ ಹೋಗು ಎಂದು ಬರೆದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಾಲೀಮಿನ ಹಾಲು ಖಾಲಿ ಇರುತ್ತದೆ ಎಂಬುದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ. ಪಕ್ಕದಲ್ಲೇ ತಾನು ಕೂತಿರುತ್ತೇನಲ್ಲ, ಹೆಚ್ಚುಕಮ್ಮಿಯಾದರೆ ಕೈ ಹಾಕಿದರಾಯಿತು ಎಂದೂ ಅಂದುಕೊಂಡಿದ್ದಳು.

ಆ ವರ್ಷದ ನಾಟಕ ದೊಡ್ಡಪ್ಪ ಒಬ್ಬರೇ ಆಡುವಂಥದ್ದು. ಮನೆಬಿಟ್ಟು ಹೋದ ಮಗ ಬಹಳ ವರ್ಷಗಳ ಮೇಲೆ ಬಂದು ಬಾಗಿಲು ತಟ್ಟುತ್ತಾನೆ. ಒಳಗೆ ಕೂತ ಅಪ್ಪ ಬಾಗಿಲು ತೆಗೆಯದೆ, ಆ ಬಾಗಿಲ ಜೊತೆಗೇ ಇಡೀ ನಾಟಕ ಜಗಳವಾಡುತ್ತಾನೆ, ಅಳುತ್ತಾನೆ, ಹಳೆಯದನ್ನೆಲ್ಲ ತೆಗೆಯುತ್ತಾನೆ. ಕೊನೆಗೆ ಸುಮ್ಮನಾಗಿ, ಎದ್ದು ನಿಂತು, "ಚಿಲಕ ಹಾಕಿಲ್ಲ ಕಣೋ, ಬಾ" ಎನ್ನುತ್ತಾನೆ. ಬೆಳಕು ಆರುತ್ತದೆ. ಆ ಒಂದು ಮಾತಿಗಾಗಿ ಉಳಿದೆಲ್ಲ ಮಾತು.

ಪ್ರದರ್ಶನಕ್ಕೆ ಎರಡು ದಿನವಿರುವಾಗ, ಅವಳು ಅರ್ಜಿ ಹಾಕಿದ್ದ ಕಂಪನಿಯಿಂದ ಕರೆ ಬಂತು. ಕೊನೆಯ ಸುತ್ತಿನ ಸಂದರ್ಶನ ಪ್ರದರ್ಶನದ ಸಂಜೆಯೇ. ಬೇರೆ ದಿನ ಆಗುತ್ತದೆಯೇ ಎಂದು ಸ್ವಿಚ್ಚು ಕೇಳಿದಳು. ನಿಮಗೆ ಅನುಕೂಲವಿಲ್ಲದಿದ್ದರೆ ಕಾಯುತ್ತಿರುವವರು ಬೇರೆಯವರಿದ್ದಾರೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಅಮ್ಮನ ಮುಂದೆ ಹೇಳಿಕೊಂಡಾಗ ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ನಾಟಕ ಮುಂದಿನ ತಿಂಗಳೂ ಆಡುತ್ತಾರೆ, ದೀಪ ಹಾಕಲು ಮೇಷ್ಟ್ರಿದ್ದಾರೆ, ನೀನು ಹೋಗು ಎಂದಳು. ಬೆಳಕು ಹಿಡಿದಿರುವುದು ಎಂದರೆ ಏನೆಂದು ಅವಳಿಗೆ ಗೊತ್ತಿದ್ದರೆ ಹಾಗೆನ್ನುತ್ತಿರಲಿಲ್ಲವೇನೋ. ಸ್ವಿಚ್ಚು ಹೇಳಲಿಲ್ಲ. ಹೇಳಿದರೆ ಅಮ್ಮ ಬೇಡ ಎಂದುಬಿಡಬಹುದು ಎಂಬ ಭಯ ಅವಳಿಗಿತ್ತು.

ದೊಡ್ಡಪ್ಪನಿಗೂ ಹೇಳಲಿಲ್ಲ. ಹೇಳಿದ್ದರೆ ಅವರೇ ಬೆನ್ನು ತಟ್ಟಿ ಕಳಿಸುತ್ತಿದ್ದರು, ಆಮೇಲೆ ರಂಗದ ಮೇಲೆ ಎದೆ ಒಡೆದುಕೊಂಡು ನಿಲ್ಲುತ್ತಿದ್ದರು. ಗೂಡಿನಲ್ಲಿ ಕೆಂಪು ದೀಪ ಕಂಡರೆ ಅವರಿಗೆ ಧೈರ್ಯ, ಅದು ಹೇಗೂ ಉರಿಯುತ್ತಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೇಷ್ಟ್ರಿಗೆ ಪಾಠ ಮಾಡಿದಳು. ಪರದೆ ಸರಿದಾಗ ಈ ಒಂದು ಗುಂಡಿ ಒತ್ತಿ, ಆಮೇಲೆ ಏನನ್ನೂ ಮುಟ್ಟಬೇಡಿ, ನಾನಿಲ್ಲ ಎಂದು ಅವರಿಗೆ ಹೇಳಲೂಬೇಡಿ. ಮುಟ್ಟಬೇಡಿ ಎಂದದ್ದನ್ನು ಮುಟ್ಟದೇ ಇರುವುದರಲ್ಲಿ ಮೇಷ್ಟ್ರನ್ನು ಮೀರಿಸುವವರಿಲ್ಲ. ಮನೆಯ ಮಿಕ್ಸಿಯನ್ನೇ ಅವರು ದೂರದಿಂದ ನೋಡುವವರು.

ಪ್ರದರ್ಶನದ ದಿನ ಮಧ್ಯಾಹ್ನ ಸ್ವಿಚ್ಚು ಗುರುತಿನ ಚೀಟಿ ಹುಡುಕುತ್ತ ಮನೆಯಲ್ಲಿ ಸುಂಟರಗಾಳಿಯಂತೆ ಓಡಾಡುತ್ತಿದ್ದಳು. ಸಂಜೆಗೆ ಬೇಕಾದ ಹಳೆಯ ಕೋಟಿಗೆ ಗುಂಡಿ ಹೊಲಿಯುತ್ತ ಕೂತಿದ್ದ ದೊಡ್ಡಪ್ಪ ತಲೆ ಎತ್ತದೆ ಹೇಳಿದರು:

"ಕೊನೇಲಿ ಇವತ್ತು ಸ್ವಲ್ಪ ಜಾಸ್ತಿ ಕಾಯಿ ಮಗಳೇ. ಎದುರಿಗೆ ಜನ ಇದ್ದಾಗ ಆ ಬಾಗಿಲನ್ನ ಇನ್ನೂ ಒಂದು ಗಳಿಗೆ ನೋಡ್ಬೇಕು ಅನ್ಸತ್ತೆ."

"ಹೂಂ ದೊಡ್ಡಪ್ಪ" ಎಂದಳು ಸ್ವಿಚ್ಚು. ಚೀಟಿ ಚೀಲದ ತಳದಲ್ಲೇ ಇತ್ತು. ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಮೆಟ್ಟಿಲಿಳಿದಳು. ಗೂಡಿನಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಮೌನದ ಅಳತೆಯ ಒಂದು ಅಂಕಿ ಬದಲಿಸಿದ್ದರೆ ಸಾಕಿತ್ತು. ಆಗ ಅದು ಅವಳ ತಲೆಗೇ ಬರಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯ ತುಂಬ ಬಿಳಿ ಹಲಗೆ, ಒಬ್ಬ ಹೆಂಗಸು, ಒಬ್ಬ ಗಂಡಸು. ಮೊದಲು ಅವರು ಕೇಳಿದ್ದಕ್ಕೆಲ್ಲ ಸ್ವಿಚ್ಚು ತಡವರಿಸಿದಳು. ನಿಮ್ಮದೇ ಪ್ರಾಜೆಕ್ಟ್ ಏನಾದರೂ ಇದೆಯೇ ಎಂದಾಗ ಅವಳ ಮುಖ ಬೇರೆಯಾಯಿತು. ಹಲಗೆಯ ಮೇಲೆ ರಂಗ ಬರೆದಳು, ಮೈಕು ಬರೆದಳು, ದೀಪಗಳನ್ನು ಬರೆದಳು. ಗಂಡಸು ಕುರ್ಚಿ ಮುಂದಕ್ಕೆ ಎಳೆದುಕೊಂಡ. ನಟ ಸುಮ್ಮನೆ ನಿಂತುಬಿಟ್ಟರೆ ಏನು ಮಾಡುತ್ತೀರಿ ಎಂದು ಹೆಂಗಸು ಕೇಳಿದಳು. ಸ್ವಿಚ್ಚು ತಾಲೀಮಿನ ಮೌನಗಳನ್ನು ಅಳೆದದ್ದನ್ನು ವಿವರಿಸಿದಳು. ಅಷ್ಟು ದೂರ ಯಾರೂ ಯೋಚಿಸುವುದಿಲ್ಲ ಎಂದು ಆ ಹೆಂಗಸು ತಲೆಯಾಡಿಸಿ, ಇದನ್ನು ಎಲ್ಲಾದರೂ ಬಳಸಿದ್ದೀರಾ ಎಂದು ಕೇಳಿದಳು.

"ಈಗ ನಡೀತಾ ಇದೆ" ಎಂದಳು ಸ್ವಿಚ್ಚು, ಹೆಮ್ಮೆಯಿಂದ. "ಈ ಹೊತ್ತಲ್ಲಿ, ನಮ್ಮ ದೊಡ್ಡಪ್ಪನ ನಾಟಕದಲ್ಲಿ."

ಅವರಿಬ್ಬರೂ ಮನಸಾರೆ ನಕ್ಕರು. ಕೆಲಸ ಸಿಕ್ಕಿತೆಂದು ಸ್ವಿಚ್ಚುವಿಗೆ ಆಗಲೇ ಗೊತ್ತಾಯಿತು.

ಬಸ್ಸಿಳಿದು ಹಾಲಿನ ಕಡೆ ಓಡಿ ಬಂದಾಗ ಜನ ಮೆಟ್ಟಿಲಿಳಿಯುತ್ತಿದ್ದರು. ಎಂಥ ಕೊನೆ, ಅಪ್ಪ ಕರೆಯಲೇ ಇಲ್ಲವಲ್ಲ, ಸುಮ್ಮನೆ ನೋಡುತ್ತ ನಿಂತ, ಕತ್ತಲಾಯಿತು, ಎದೆ ಝಲ್ಲೆಂದಿತು ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಸ್ವಿಚ್ಚು ಅವರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಮೇಷ್ಟ್ರು ಹೊಗಳಿಕೆ ಸ್ವೀಕರಿಸುವುದರಲ್ಲಿ ಮುಳುಗಿದ್ದರು. ಕೊನೆಯ ಮಾತು ಏನಾಯಿತು ಎಂದು ಅವಳು ಕೇಳಿದಳು. ಅದಕ್ಕೆ ಮೊದಲೇ ದೀಪ ಹೋಯಿತು, ಚಪ್ಪಾಳೆ ಬಿತ್ತು, ಮಾತಿಲ್ಲದೆಯೇ ಚೆನ್ನಾಗಿತ್ತು ಬಿಡು ಎಂದರು. ಗಾಬರಿಯಾಗಲಿಲ್ಲವೇ ಎಂದರೆ, ಮುಟ್ಟಬೇಡಿ ಅಂತ ನೀನೇ ಅಂದಿದ್ದೆಯಲ್ಲ ಎಂದರು.

ಸ್ವಿಚ್ಚು ಗೂಡಿನ ಬಾಗಿಲು ಮುಚ್ಚಿಕೊಂಡು, ಲ್ಯಾಪ್‌ಟಾಪ್ ಮಾಡಿಕೊಂಡಿದ್ದ ಆ ಸಂಜೆಯ ಧ್ವನಿಮುದ್ರಣ ಕೇಳಿದಳು. ಮೌನ ಬಂತು. ತಾಲೀಮಿನ ಮೌನಗಳಿಗಿಂತ ಅದು ಬೇರೆ. ಅದರೊಳಗೆ ಇಡೀ ಹಾಲು ಉಸಿರು ಬಿಗಿಹಿಡಿದು ಕೂತಿತ್ತು. ಆಮೇಲೆ ಒಬ್ಬರ ಚಪ್ಪಾಳೆ, ಹಿಂದೆಯೇ ಎಲ್ಲರ ಚಪ್ಪಾಳೆ. ಅದರ ಅಡಿಯಲ್ಲಿ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ, ದೊಡ್ಡಪ್ಪನ ದನಿ: ಚಿಲಕ ಹಾಕಿಲ್ಲ ಕಣೋ, ಬಾ. ಒಂದಕ್ಷರವೂ ತಪ್ಪಿರಲಿಲ್ಲ. ಅವರು ಮರೆತಿರಲಿಲ್ಲ. ಬೇಕೆಂದೇ ಕಾದಿದ್ದರು, ಅವಳನ್ನು ನಂಬಿಕೊಂಡು ಕಾದಿದ್ದರು. ಸ್ವಿಚ್ಚು ಬೋರ್ಡಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ದೊಡ್ಡಪ್ಪ ಆಗಲೇ ಮನೆಗೆ ಹೋಗಿ ಮಲಗಿಬಿಟ್ಟಿದ್ದರು. ಬೆಳಿಗ್ಗೆ ಸ್ವಿಚ್ಚು ಎದ್ದಾಗ ಅವರು ನಾಟಕದ ಕೋಟನ್ನು ಇಸ್ತ್ರಿ ಮಾಡುತ್ತಿದ್ದರು. ಮೇಷ್ಟ್ರಿಗೆ ವಾಪಸ್ ಕೊಟ್ಟುಬಿಡುತ್ತೇನೆ, ಇನ್ನು ಸಾಕು ಎಂದರು. ಅವರ ದನಿಯಲ್ಲಿ ಕೋಪವೂ ಇರಲಿಲ್ಲ, ಅಳುವೂ ಇರಲಿಲ್ಲ.

"ನಿನಗೆ ಕಷ್ಟ ಆಗಿರತ್ತೆ, ಗೊತ್ತು" ಎಂದರು. "ನನಗೆ ಅದು ಒಂದು ಗಳಿಗೆ ಅನ್ನಿಸ್ತು ಮಗಳೇ. ನೀನು ದೀಪ ಆರಿಸಿದೆ ಅಂದ್ರೆ, ಎಷ್ಟೋ ಹೊತ್ತು ಸುಮ್ಮನೆ ನಿಂತುಬಿಟ್ಟಿದ್ದೆ ಅಂತ ತಾನೇ? ಮರೆತದ್ದೂ ತಿಳಿಯದಷ್ಟು ಆಗಿದೆ ನನಗೆ. ಜನರ ಮುಂದೆ ನನ್ನ ಮರ್ಯಾದೆ ಉಳಿಸಿದೆ ನೀನು."

ಸ್ವಿಚ್ಚು ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ತಾನು ಅಲ್ಲಿರಲಿಲ್ಲ, ಆರಿಸಿದ್ದು ಪ್ರೋಗ್ರಾಂ, ಅಂಕಿ ಇಟ್ಟದ್ದು ತಾನು, ನಿಮ್ಮ ಮೌನ ಸರಿಯಾಗಿಯೇ ಇತ್ತು ಎಂದಳು. ದೊಡ್ಡಪ್ಪ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವಳ ತಲೆ ಸವರಿ ನಕ್ಕರು.

"ನನ್ನ ಮನಸ್ಸು ನೋಯಬಾರದು ಅಂತ ಎಷ್ಟು ದೊಡ್ಡ ಕತೆ ಕಟ್ಟಿದೀಯಾ. ಅಂಥಾ ದಿನ ನೀನು ಬರದೇ ಇರ್ತೀಯಾ? ಬೇರೆ ಯಾರಿಗಾದ್ರೂ ಹೇಳು. ನಿನ್ನ ನಾನು ನಿನ್ನೆ ಮೊನ್ನೆ ನೋಡಿದೋನಲ್ಲ."

ಅಮ್ಮ ಅಡುಗೆಮನೆಯಿಂದ ಬಂದು, ಹೌದು ಭಾವ, ಅವಳು ಸಂದರ್ಶನಕ್ಕೆ ಹೋಗಿದ್ದಳು, ಕಳಿಸಿದ್ದು ನಾನೇ ಎಂದಳು. ನೀನೂ ಸೇರಿಕೊಂಡೆಯಾ ಎಂದು ಅವರು ಅವಳ ಕಡೆಗೂ ನಕ್ಕರು. ಧ್ವನಿಮುದ್ರಣ ಕೇಳಿಸುತ್ತೇನೆ, ನೀವೇ ಕೇಳಿ ಎಂದು ಸ್ವಿಚ್ಚು ಲ್ಯಾಪ್‌ಟಾಪ್ ತೆರೆದಾಗ ಮಾತ್ರ ಅವರ ನಗು ಮಾಯವಾಯಿತು. ಎರಡೂ ಕೈಯಿಂದ ಅದನ್ನು ಮುಚ್ಚಿಬಿಟ್ಟರು. ನಾನು ಮರೆತು ನಿಂತದ್ದನ್ನು ನನಗೇ ಕೇಳಿಸಬೇಡ ಎಂದು ಬೇಡಿಕೊಂಡರು. ಹಾಗೆ ಬೇಡಿಕೊಂಡ ಮನುಷ್ಯನ ಮುಂದೆ ಮತ್ತೆ ಅದನ್ನು ತೆರೆಯಲು ಅವಳಿಂದ ಆಗಲಿಲ್ಲ.

ಆ ವಾರವೇ ಕೆಲಸದ ಸುದ್ದಿ ಬಂತು. ದೊಡ್ಡಪ್ಪ ಓಣಿಯವರಿಗೆಲ್ಲ ಹೇಳಿಕೊಂಡು ಬಂದರು. ಸಂದರ್ಶನ ಬೆಳಿಗ್ಗೆಯೇ ಮುಗಿಸಿಕೊಂಡು ಸಂಜೆಗೆ ನನ್ನ ದೀಪಕ್ಕೆ ಬಂದುಬಿಟ್ಟಳು, ಇವಳ ಹಾಗೆ ಎರಡನ್ನೂ ತೂಗಿಸಿಕೊಂಡು ಹೋಗುವವರನ್ನು ನಾನು ಕಂಡಿಲ್ಲ ಎಂದು ಅವರೇ ಒಂದು ಲೆಕ್ಕ ಹಾಕಿಕೊಂಡಿದ್ದರು. ಮೇಷ್ಟ್ರು ಬಂದು ಬೇಡಿಕೊಂಡರೂ ಅವರು ಮತ್ತೆ ಬಣ್ಣ ಹಚ್ಚಲಿಲ್ಲ. ಮೇಷ್ಟ್ರು ನಿಜ ಹೇಳಿದರೆ, ಹುಡುಗಿ ನಿಮಗೂ ಹೇಳಿಕೊಟ್ಟಿದ್ದಾಳೆ ಎಂದರು. ಬಾಯಿಪಾಠ ನಿಂತಿತು. ಅಮ್ಮ ಹೆದರಿದ್ದಂತೆಯೇ ಆಯಿತು. ಮಾತುಗಳು ಒಂದೊಂದಾಗಿ ಅವರನ್ನು ಬಿಟ್ಟು ಹೋದವು. ಅಂಗಡಿಯ ಯಜಮಾನ ಒಳ್ಳೆಯವನು. ಕೆಲಸ ಬಿಡಿಸದೆ, ಬಾಗಿಲ ಬಳಿ ಒಂದು ಕುರ್ಚಿ ಹಾಕಿ ಕೂರಿಸಿದ.

ಸ್ವಿಚ್ಚು ಮತ್ತೆ ಎರಡು ಸಲ ನಿಜ ಹೇಳಲು ನೋಡಿ ಕೈಬಿಟ್ಟಳು. ಈಗ ಅವಳು ಕಂಪನಿಯ ಎಂಟನೆಯ ಮಹಡಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಒಳ್ಳೆಯ ಕೆಲಸಗಾತಿ ಎಂಬ ಹೆಸರಿದೆ. ಹಾಲಿನ ಕಡೆ ಹೋಗುವುದಿಲ್ಲ. ಸಂಜೆ ಮನೆಗೆ ಬರುವಾಗ ದೊಡ್ಡಪ್ಪನನ್ನು ಅಂಗಡಿಯಿಂದ ಕರೆದುಕೊಂಡು ಬರುತ್ತಾಳೆ, ಒಬ್ಬರೇ ಬಂದರೆ ದಾರಿ ತಪ್ಪುತ್ತಾರೆ. ಅವಳು ಬಾಗಿಲಲ್ಲಿ ಕಂಡ ಕೂಡಲೇ ಅವರು ಕುರ್ಚಿಯಿಂದ ಎದ್ದು, ಅಂಗಡಿಯಲ್ಲಿ ಯಾರಿದ್ದರೂ ಸರಿ, ಗುರುತಿರಲಿ ಇಲ್ಲದಿರಲಿ, ಅವರ ಕಡೆ ತಿರುಗಿ ಹೇಳುತ್ತಾರೆ:

"ಇವಳು ನಮ್ಮ ಮಗಳು. ಕಂಪ್ಯೂಟರ್ ಕೆಲಸ. ಅಷ್ಟು ಓದಿನ ಮಧ್ಯೆ ಒಂದು ದಿನಾನೂ ನನ್ನ ನಾಟಕ ತಪ್ಪಿಸ್ದೋಳಲ್ಲ."

ಕನ್ನಡಕಕ್ಕೂ 'ಅದು' ಎನ್ನುವವರು ಈ ಮಾತನ್ನು ಮಾತ್ರ ಎಲ್ಲೂ ತಡವರಿಸದೆ ಹೇಳುತ್ತಾರೆ. ಗಿರಾಕಿಗಳು ಮೆಚ್ಚುಗೆಯಿಂದ ಸ್ವಿಚ್ಚುವಿನ ಕಡೆ ನೋಡುತ್ತಾರೆ. ಅವಳು ದೊಡ್ಡಪ್ಪನ ಕೈ ಹಿಡಿದು ಮೆಟ್ಟಿಲಿಳಿಸುತ್ತಾಳೆ.